ಹಿಮ್ಮಡಿ ಊರಿ ನೋಡುವವನು

ಸಿರುಗುಪ್ಪದಲ್ಲಿ ಚಪ್ಪರ ಹಾಕುತ್ತಿದ್ದವನು ಗೂಟ ಹೊಡೆಯುವ ಮೊದಲು ಹಿಮ್ಮಡಿಯನ್ನು ನೆಲಕ್ಕೆ ಊರಿ ಒಂದು ಸುತ್ತು ತಿರುಗುತ್ತಿದ್ದ. "ಕಣ್ಣಿಗೆ ಕೇಳಬ್ಯಾಡ್ರಿ, ಕಾಲಿಗೆ ಕೇಳ್ರಿ" ಎನ್ನುವುದು ಅವನ ಮಾತು. ಮದ್ರಾಸಿನಲ್ಲಿ ಬಿ.ಎಸ್ಸಿ. ಮಾಡಿ ಬಂದಿದ್ದ ನನಗೆ ಅದು ಬರೀ ನಾಟಕ ಎನಿಸುತ್ತಿತ್ತು.

ನಾನು ಮುಂದೆ ನಿಂತು ಏರ್ಪಡಿಸಿದ ಮೊದಲ ಬಯಲು ಸಂಗೀತ ಕಚೇರಿಗೆ ಹುಬ್ಬಳ್ಳಿ ಕಡೆಯ ವಯಸ್ಸಾದ ಗಾಯಕಿ ಬರುವವರಿದ್ದರು. ಅದಕ್ಕೆ ನಾನು ಆರಿಸಿದ್ದ ಕಾಲುವೆ ಪಕ್ಕದ ಕಪ್ಪು ಮಣ್ಣಿನ ಎರೆಹೊಲ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತಿತ್ತು.

"ಬಾಜೂ ಭತ್ತಕ್ಕ ನೀರು ಬಿಟ್ಟಾರ. ನಾಕು ಹನಿ ಬಿದ್ರ ಮಂದಿ ಕಾಲಾಗ ಇದು ಕಲಸಿದ ಹಿಟ್ಟು ಆಕ್ಕತಿ. ಮಸಾರಿ ನೆಲಕ್ಕ ಹೋಗೂಣ್ರಿ" ಎಂದ ಅವನು, ಹಿಮ್ಮಡಿ ಊರಿ ನೋಡಿ.

ಆ ಕೆಂಪು ನೆಲ ಅವನ ಮನೆಯ ಎದುರಿಗೇ ಇತ್ತು. ಚಪ್ಪರದ ಬಿದಿರು ಹೊರುವುದನ್ನು ತಪ್ಪಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ನಾನು ಅವನ ಮಾತು ಒಪ್ಪಲಿಲ್ಲ.

ಎರಡನೇ ಹಾಡಿಗೆ ತುಂತುರು ಬಿತ್ತು. ಜನ ಎದ್ದು ತುಳಿದಾಡಿದ್ದೇ ಹೊಲವೆಲ್ಲ ಕೆಸರಾಗಿ ಕಚೇರಿ ನಿಂತಿತು. ಗಾಯಕಿ ಮಾತ್ರ ಕೆಸರು ಸೋಕದೆ ಬಂಡಿಯವರೆಗೆ ನಡೆದರು. ಅವರ ಹಾದಿಗೆ ಅವನು ಮೊದಲೇ ಹೊಳೆಯ ಮರಳು ಹಾಸಿದ್ದ. ಬೆಳಿಗ್ಗೆ ಅವನು ಬುಟ್ಟಿ ಹೊತ್ತು ಓಡಾಡುವಾಗ ಏನು ಕದಿಯುತ್ತಾನೋ ಎಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದು ನಿಜವೋ, ನಾಚಿಕೆ ಆಮೇಲೆ ಸೇರಿಸಿದ ನೆನಪೋ, ಈಗ ಹೇಳಲಾರೆ.

"ಮಳಿ ಬರ್ತೈತಂತ ನಿನಗ ಹೆಂಗ ಗೊತ್ತಿತ್ತಲೇ?" ಎಂದು ಸಂಶಯದಿಂದಲೇ ಕೇಳಿದೆ.

"ಮಳಿ ಗೊತ್ತಿರಲಿಲ್ರೀ. ನೀವು ಕೇಳಂಗಿಲ್ಲಂತ ಗೊತ್ತಿತ್ತು."