ಫೋನಿನೊಳಗಿನ ಕಾನ್ರಾಡ್

ಹೆಸರು ಕಾನ್ರಾಡ್ ಮಿನೇಜಸ್. ಕೇಳಿದವರು ಯುರೋಪಿನ ದೊರೆಯೆಂದೇ ತಿಳಿಯಬೇಕು. ಆಸಾಮಿ ನಮ್ಮ ಬಂಟ್ವಾಳದವನು, ಬಣ್ಣದಲ್ಲಿ ನನಗಿಂತಲೂ ಒಂದು ಕೈ ಹೆಚ್ಚು ಕಪ್ಪು. ಇಲ್ಲಿ ಗಲ್ಫಿನ ಅಲ್ ಮುರಕ್ಕಬಾತ್‌ನಲ್ಲಿ ನಮ್ಮದು ಎದುರುಬದುರು ಫ್ಲ್ಯಾಟು. ಪಾದ್ರಿಗಳ ಶಾಲೆಯ ಇಂಗ್ಲಿಷು, ಚರ್ಚಿನಲ್ಲಿ ಹಾಡಿ ಪಳಗಿದ ಗಂಟಲು. ಫೋನಿನಲ್ಲಿ ಅವನ ಮಾತು ಕೇಳಿದರೆ ನಾನೇ ಎದ್ದು ನಿಲ್ಲಬೇಕು.

ಅವನಿದ್ದ ಕಂಪೆನಿ ಮುಚ್ಚಿತು. ಹೆಂಡತಿ ಡೊರೊತಿ, ಮಗಳು ಆನ್ ಮರಿಯಾ ಇಬ್ಬರೂ ಅವನ ವೀಸಾದ ಮೇಲಿದ್ದವರು. ಬೇರೆ ಕೆಲಸ ಸಿಗದಿದ್ದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಫೋಟೊ, ದೇಶ ಎಲ್ಲ ಹಾಕಿ ಕಳಿಸಿದ ಅರ್ಜಿಗಳಿಗೆ ಉತ್ತರವೇ ಇಲ್ಲ. ಎರಡನ್ನೂ ತೆಗೆದು ಕಳಿಸಿದ್ದೇ ತಡ, ವಿಲ್ಲಾ ಮಾರುವ ಕಂಪೆನಿಯೊಂದರಿಂದ ಫೋನು ಬಂತು.

"ನೀವು ಪೋರ್ಚುಗಲ್ಲಿನವರಾ?" ಎಂದು ಅಲ್ಲಿಯ ಮೇಡಂ ಕೇಳಿದಳಂತೆ.

"ಹಿರಿಯರು ಆ ಕಡೆಯವರು" ಎಂದುಬಿಟ್ಟ ನಮ್ಮ ಬಡಪಾಯಿ. ಹಿರಿಯರು ಗೋವೆಯಿಂದ ಬಂದ ಕೊಂಕಣಿಗಳು. ಪೋರ್ಚುಗೀಸರದ್ದು ಹೆಸರು ಮಾತ್ರ.

ಸಂದರ್ಶನಕ್ಕೆ ಹೋದ ದಿನ ಆಫೀಸಿನಲ್ಲಿ ಮೇಡಂ ನಗುತ್ತಾ ಬಂದು, ಬೇರಾರಿಗೋ ಕಾದು ಕುಳಿತಿದ್ದ ಬಿಳಿಯನೊಬ್ಬನ ಕೈ ಕುಲುಕಿದಳು. ಪಕ್ಕದಲ್ಲಿ ಎದ್ದು ನಿಂತವನೇ ಕಾನ್ರಾಡ್ ಎಂದು ತಿಳಿದಾಗ ಆ ಹುದ್ದೆ ಭರ್ತಿಯಾಗಿತ್ತು! ಫೋನಿನಲ್ಲಿ ಗಿರಾಕಿಗಳನ್ನು ಹಿಡಿಯುವ ಕೆಲಸ ಮಾತ್ರ ಇದೆ ಎಂದಳು, ಅರ್ಧ ಸಂಬಳಕ್ಕೆ.

"ಮರ್ಯಾದೆ ಬೇಡ್ವಾ ಮಾರಾಯ ನಿಂಗೆ?" ನಾನು ಸಿಡಿದೆ.

"ಮರ್ಯಾದೆ ಇಟ್ಕೊಂಡು ಎಂತ ಮಾಡುದು ಅಬೂಬಕ್ಕರ್? ಮಗಳ ಶಾಲೆ ಉಂಟಲ್ಲ."

ಗಿರಾಕಿಗಳಿಗೆ ಫೋನಿನ ಕಾನ್ರಾಡ್ ಬಹಳ ಹಿಡಿಸಿದ. ಮನೆ ತೋರಿಸಲು ಅವನೇ ಬರಬೇಕೆಂದರು. ಕಂಪೆನಿ ಕಳಿಸಿದ್ದು ಇಂಗ್ಲೆಂಡಿನಿಂದ ಮೊನ್ನೆ ಬಂದಿಳಿದ ಹುಡುಗನನ್ನು, ಕಿಸೆಯಲ್ಲಿ ಕಾನ್ರಾಡ್ ಹೆಸರಿನ ಕಾರ್ಡಿಟ್ಟು. ನಿಜವಾದ ಕಾನ್ರಾಡ್ ಮೊದಲೇ ಹೋಗಿ ಬೀಗ ತೆಗೆದು, ಎಸಿ ಹಾಕಿ, ಗೋಡೆಗಾತು ನಿಲ್ಲಬೇಕು. ಬಾಯಿ ಬಿಟ್ಟರೆ ಧ್ವನಿಯ ಗುರುತು ಸಿಕ್ಕೀತೆಂದು ಮಾತೂ ಆಡುವಂತಿಲ್ಲ.

ಕಳೆದ ಶನಿವಾರ ಡೊರೊತಿಗೆ ಕ್ಲಿನಿಕ್ಕಿನಲ್ಲಿ ಡ್ಯೂಟಿ. ಮಗು ನಮ್ಮ ಜೊತೆ ಬಂತು; ಕಾರು ನನ್ನದು. ಗಿರಾಕಿ ನಮ್ಮ ದೇಶದವರೇ, ಮುಂಬಯಿಯ ಸೇಠು. ಮನೆ ಒಪ್ಪಿಗೆಯಾಗಿ, "ಥ್ಯಾಂಕ್ಯೂ, ಕಾನ್ರಾಡ್" ಎಂದು ಬಿಳಿ ಹುಡುಗನ ಭುಜ ತಟ್ಟಿದರು. ಮಗು ಹುಬ್ಬೇರಿಸಿ ಅಪ್ಪನನ್ನು ನೋಡಿತು. ಅಪ್ಪ ಸುಮ್ಮನೆ ತಲೆಯಾಡಿಸಿದ, ಬೇಡವೆಂದು.

ಸೇಠರು ಒಳ್ಳೆಯ ಮನುಷ್ಯರು, ಅದೇ ಕಷ್ಟವಾದದ್ದು. ಬಗ್ಗಿ ಮಗುವಿನ ಕೆನ್ನೆ ಸವರಿ, ಹೋಗುವ ಮುನ್ನ ಪ್ರೀತಿಯಿಂದಲೇ ಇಂಗ್ಲಿಷಿನಲ್ಲಿ ಕೇಳಿದರು: "ನಿನ್ನ ಅಪ್ಪನ ಹೆಸರೇನಮ್ಮಾ?"

ಆನ್ ಮರಿಯಾ ಮತ್ತೊಮ್ಮೆ ಅಪ್ಪನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಐ ಡೋಂಟ್ ನೋ" ಎಂದಳು.