ಅಕ್ಕನಿಗೊಂದು ರೈಲು ಸೀಟು

ರೈಲಿನ ಟಿಕೆಟ್ ವಿಷಯದಲ್ಲಿ ನನಗೆ ಸೊಕ್ಕಿತ್ತು. ಸೊಕ್ಕು ಅಂತ ಈಗ ಹೇಳುತ್ತಿದ್ದೇನೆ, ಆಗ ಅದನ್ನು ಜಾಣತನ ಅಂದುಕೊಂಡಿದ್ದೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರು ಎಲ್ಲಿಗೆ ಹೊರಟರೂ ಮೊದಲು ನಮ್ಮ ಮನೆಯ ಕಟ್ಟೆಗೆ ಬಂದು ಕೂಡುತ್ತಿದ್ದರು. ಯಾವ ಗಾಡಿಗೆ ಹೋದರೆ ಅಗ್ಗ, ಎಷ್ಟು ದಿನ ಮೊದಲು ಬುಕ್ ಮಾಡಬೇಕು, ವಯಸ್ಸಾದವರಿಗೆ ಕೆಳಗಿನ ಬರ್ತ್ ಸಿಗಬೇಕಾದರೆ ಫಾರ್ಮಿನಲ್ಲಿ ಏನು ಬರೆಯಬೇಕು, ಎಲ್ಲವೂ ನನಗೆ ಬಾಯಿಪಾಠ. ಗದಗ ಹೊಸ ಜಿಲ್ಲೆಯಾದ ವರ್ಷವೇ ನಾನು ಇಲ್ಲಿಯ ಒಂದು ಹೈಸ್ಕೂಲಿಗೆ ಗುಮಾಸ್ತೆಯಾಗಿ ಸೇರಿದವಳು. ಆಗಿನಿಂದ ಸ್ಟೇಷನ್ನಿನ ರಿಸರ್ವೇಶನ್ ಕೌಂಟರಿನ ಮುಂದೆ ಪಾಳಿ ಹಚ್ಚಿ, ಬೈಸಿಕೊಂಡು, ಬೈದು ಕಲಿತ ವಿದ್ಯೆ ಅದು. ಶಿರಹಟ್ಟಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ನಮ್ಮ ಗಣಿತದ ಮಾಸ್ತರರು ಕೂಡ ಮಗಳಿಗೆ ವರ ನೋಡಲು ಸೊಲ್ಲಾಪುರಕ್ಕೆ ಹೋಗುವಾಗ ಲೆಕ್ಕ ಹಾಕಲು ನನ್ನನ್ನೇ ಕೇಳಿದ್ದರು. ಆ ಮಾತನ್ನು ನಾನು ಒಂದು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಹೀಗಿರುವಾಗ ನಮ್ಮ ಓಣಿಯ ಹೆಣ್ಣುಮಕ್ಕಳ ಉಳಿತಾಯ ಸಂಘದವರಿಗೆ ಸಮುದ್ರ ನೋಡುವ ಆಸೆ ಹುಟ್ಟಿತು. ಎಂಟು ಮಂದಿ. ನೇಕಾರರ ಮನೆಯವರು, ಒಬ್ಬರು ಬಳೆ ಅಂಗಡಿಯವರು, ಮತ್ತು ನಾನು. ಅದೇ ಹೊತ್ತಿಗೆ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಒಂದು ಜಾಹೀರಾತು ಕಂಡಿತು. ಒಂದು ಖಾಸಗಿ ಕಂಪನಿ ರೈಲ್ವೆಯಿಂದ ಗಾಡಿಯನ್ನೇ ಬಾಡಿಗೆ ಹಿಡಿದು ಕನ್ಯಾಕುಮಾರಿಗೆ ಪ್ರವಾಸ ಕರೆದುಕೊಂಡು ಹೋಗುತ್ತದಂತೆ. ಗದಗಿನಲ್ಲಿ ಹತ್ತಬಹುದು, ಗದಗಿನಲ್ಲೇ ಇಳಿಯಬಹುದು. ದರ ನೋಡಿದರೆ ನಾನು ಎಷ್ಟು ತಿಣುಕಿದರೂ ಅಷ್ಟು ಕಡಿಮೆಯಲ್ಲಿ ಹೋಗಿಬರಲು ಸಾಧ್ಯವಿರಲಿಲ್ಲ.

ಫೋನ್ ಮಾಡಿದೆ. ಜಾಹೀರಾತಿನ ದರ ‘ಆರಂಭದ ದರ’ವಂತೆ, ಅದು ಮುಗಿದಿದೆಯಂತೆ. ಗೋಡೆಗೆ ಹಚ್ಚಿದ ಅಂಟು ಇನ್ನೂ ಹಸಿ ಇತ್ತು, ದರ ಮಾತ್ರ ಮುಗಿದಿತ್ತು. ಸಂಘದವರನ್ನು ಕೇಳಿ ಮರುದಿನ ಮತ್ತೆ ಫೋನ್ ಮಾಡಿದರೆ ಇನ್ನೊಂದು ದರ. ಮಧ್ಯಾಹ್ನ ಬಳೆ ಅಂಗಡಿಯವರ ಮೊಬೈಲಿನಲ್ಲಿ ನೋಡಿದರೆ ಮತ್ತೊಂದು. ಒಂದೇ ಗಾಡಿ, ಒಂದೇ ಸೀಟು, ಒಂದೇ ಸಮುದ್ರ. ನಾನು ದಂಗಾದೆ. ಸರಕಾರದ ಕೌಂಟರಿನಲ್ಲಿ ಗುಮಾಸ್ತ ಗುರ್ ಅನ್ನುತ್ತಿದ್ದ, ಚಿಲ್ಲರೆ ಇಲ್ಲವೆಂದರೆ ಪಾಳಿಯಿಂದ ಹೊರಗೆ ಹಾಕುತ್ತಿದ್ದ, ಆದರೆ ಅವನ ದರ ಮುಂಜಾನೆ ಒಂದು ಸಂಜೆ ಒಂದು ಆಗುತ್ತಿರಲಿಲ್ಲ. ಕೊನೆಗೆ ನಾಲ್ಕು ದಿನ ಕಾದು, ದರ ಇಳಿದ ಗಳಿಗೆ ನೋಡಿ ಎಂಟೂ ಸೀಟು ಹಿಡಿದೆ. ಓಣಿಯವರು ನನ್ನನ್ನು ಹೊಗಳಿದ್ದೇ ಹೊಗಳಿದ್ದು.

ದೀಪಾವಳಿಗೆ ಅಕ್ಕ ಬಂದಳು. ನಮ್ಮ ತವರು ಲಕ್ಷ್ಮೇಶ್ವರ. ಅಕ್ಕನನ್ನು ಮುಂಡರಗಿಗೆ ಕೊಟ್ಟರು, ನನ್ನನ್ನು ಬೆಟಗೇರಿಗೆ. ಮುಂಡರಗಿಯಲ್ಲಿ ಅವರದೊಂದು ಹಿಟ್ಟಿನ ಗಿರಣಿ ಇದೆ. ಗಿರಣಿ ಅಂದರೆ ದಿನಕ್ಕೆ ಎರಡು ಸಲ ಜೋಳ ಹೊತ್ತುಕೊಂಡು ಊರೇ ಬಾಗಿಲಿಗೆ ಬರುತ್ತದೆ. ಅದನ್ನು ಬಿಟ್ಟು ಅಕ್ಕ ಎಲ್ಲಿಯೂ ಹೆಚ್ಚು ದಿನ ಉಳಿದವಳಲ್ಲ. ಊಟವಾದ ಮೇಲೆ ನಾನು ಟಿಕೆಟ್ ಗೆದ್ದ ಕಥೆಯನ್ನು ಅವಳಿಗೂ ವಿಸ್ತಾರವಾಗಿ ಹೇಳಿದೆ. ದರ ಹೇಗೆ ಏರಿತು, ಹೇಗೆ ಇಳಿಯಿತು, ನಾನು ಹೇಗೆ ಹೊಂಚು ಹಾಕಿದೆ. ಅಕ್ಕ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು. ಮುಗಿದ ಮೇಲೆ ಮೆಲ್ಲಗೆ ಅಂದಳು, "ನಾ ಇನ್ನೂ ಒಮ್ಮಿನೂ ರೈಲ ಹತ್ತಿಲ್ಲ ನೋಡ ತಂಗಿ. ಒಂದ ಸಲಾ ಕಿಡಕಿ ಹತ್ರ ಕುಂತು ನೋಡಬೇಕು ಅನ್ನೋದೈತಿ."

ಅರವತ್ತು ದಾಟಿದ ನನ್ನ ಸ್ವಂತ ಅಕ್ಕ! ಮೂರು ಮಕ್ಕಳ ಮದುವೆ ಮಾಡಿದವಳು, ಹೊಸಪೇಟೆ, ಹುಬ್ಬಳ್ಳಿ, ಬಾಗಲಕೋಟೆ ಎಲ್ಲ ನೋಡಿದವಳು. ಯೋಚಿಸಿದರೆ ಎಲ್ಲವೂ ಬಸ್ಸು. ಲಕ್ಷ್ಮೇಶ್ವರಕ್ಕೂ ರೈಲಿಲ್ಲ, ಮುಂಡರಗಿಗೂ ಇಲ್ಲ. ಮುಂಡರಗಿಯಲ್ಲಿ ಕೂತರೆ ಬಸ್ಸು ಗದಗಿನ ಸ್ಟ್ಯಾಂಡಿನಲ್ಲಿ ಇಳಿಸುತ್ತದೆ, ಅಲ್ಲಿಂದ ಮುಂದೆ ಇನ್ನೊಂದು ಬಸ್ಸು. ಊರಿಗೆಲ್ಲ ಟಿಕೆಟ್ ತೆಗೆಸಿಕೊಡುವ ನಾನು ಇಷ್ಟು ವರ್ಷ ಅವಳನ್ನು ಈ ಒಂದು ಮಾತು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಅಲ್ಲೇ ನಿರ್ಧಾರ ಮಾಡಿದೆ, ಅಕ್ಕ ಈ ಗಾಡಿಯಲ್ಲಿ ಸಮುದ್ರಕ್ಕೆ ಹೋಗಲೇಬೇಕು.

ಒಂಬತ್ತನೆಯ ಸೀಟು ಕೇಳಿದರೆ ದರ ಮೂರು ಪಟ್ಟು ಆಗಿತ್ತು. ಹಬ್ಬದ ಕಾಲವಂತೆ, ಬೇಡಿಕೆ ಇದೆಯಂತೆ. ಅಷ್ಟು ಕೊಡಲು ನನ್ನ ಕೈ ಬರಲಿಲ್ಲ. ಖರೆ ಹೇಳಬೇಕೆಂದರೆ ದುಡ್ಡಿಗಿಂತ ಹೆಚ್ಚಾಗಿ ಸೋಲಲು ಮನಸ್ಸು ಬರಲಿಲ್ಲ. ಅದಕ್ಕೆ ನನ್ನ ಸೀಟನ್ನೇ ಅಕ್ಕನಿಗೆ ಕೊಟ್ಟೆ. ನಾನು ಸಮುದ್ರ ನೋಡಿದ್ದೆ, ಸ್ಕೂಲಿನ ಮಕ್ಕಳ ಜೊತೆ ಎರಡು ಸಲ.

ಇಲ್ಲಿ ನಾನು ಮಾಡಿದ ತಪ್ಪು ನಮ್ಮ ಕಡೆಯವರೇ ಮಾಡುವಂಥದ್ದು. ನಮ್ಮಲ್ಲಿ ಊಟಕ್ಕೆ ಹೇಳಲು ಬಂದವರು ‘ಮನಿಗೊಬ್ಬರು ಬರ್ರಿ’ ಅಂತ ಹೇಳಿ ಹೋಗುತ್ತಾರೆ. ಆ ಒಬ್ಬರು ಯಾರು ಅಂತ ಯಾರೂ ಕೇಳುವುದಿಲ್ಲ. ಅತ್ತೆಗೆ ಮೈಯಲ್ಲಿ ಹುಷಾರಿಲ್ಲದಿದ್ದರೆ ಸೊಸೆ ಹೋಗುತ್ತಾಳೆ, ಸೊಸೆಗೆ ಆಗದಿದ್ದರೆ ಮನೆಗೆ ಬಂದ ನಾದಿನಿ ಹೋಗುತ್ತಾಳೆ. ಎಲೆ ಮನೆಯದು, ಮನುಷ್ಯರದ್ದಲ್ಲ. ರೈಲ್ವೆಯವರೂ ನನಗೆ ಈ ಬುದ್ಧಿಯವರೇ ಅನಿಸಿದ್ದರು. ಒಂದು ದಿನ ಮೊದಲು ಅರ್ಜಿ ಬರೆದು, ರಕ್ತಸಂಬಂಧ ತೋರಿಸಿದರೆ ಒಬ್ಬರ ಟಿಕೆಟಿನಲ್ಲಿ ಇನ್ನೊಬ್ಬರು ಹೋಗಬಹುದು. ಗದಗಿನ ಕೌಂಟರಿನಲ್ಲಿ ನಾನೇ ಎರಡು ಸಲ ಮಾಡಿಸಿದ್ದೆ. ಕಂಪನಿಗೂ ಹಾಗೇ ಅಂದುಕೊಂಡೆ. ಅರ್ಜಿ ಬರೆದು ಅವರು ಕೊಟ್ಟ ವಿಳಾಸಕ್ಕೆ ಒಂದು ಪ್ರತಿ ಕಳಿಸಿದೆ. ನಾವು ಅಕ್ಕತಂಗಿಯರು ಅನ್ನುವುದಕ್ಕೆ ಲಕ್ಷ್ಮೇಶ್ವರದ ಅಪ್ಪನ ಹಳೆಯ ರೇಷನ್ ಕಾರ್ಡಿನ ಝೆರಾಕ್ಸ್ ಹಚ್ಚಿದೆ. ಅದರಲ್ಲಿ ಅಕ್ಕನ ಹೆಸರಿನ ಕೆಳಗೆ ನನ್ನ ಹೆಸರಿತ್ತು. ಉತ್ತರ ಬರಲಿಲ್ಲ. ಉತ್ತರ ಬರದಿದ್ದರೆ ಒಪ್ಪಿದ ಹಾಗೆ ಅಂದುಕೊಂಡೆ.

ಹೊರಡುವ ದಿನ ಮುಂಜಾನೆ ಅಕ್ಕ ಮೊದಲ ಬಸ್ಸಿಗೇ ಬಂದಿಳಿದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ದೊಡ್ಡ ಬುತ್ತಿ ಗಂಟು. ಎಂಟು ಮಂದಿಗೂ ಆಗುವಷ್ಟು ಗರಿಗರಿ ಕಟಕ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ, ಕೆಂಪು ಖಾರ, ಸಿಹಿಗೆ ಮಾದಲಿ. ಹೊರಗಿನ ಊಟ ತರಬಾರದು ಅಂತ ಕಂಪನಿಯ ಕಾಗದದಲ್ಲಿ ಇತ್ತು. ನಾನು ಹೇಳಿದರೆ ಅಕ್ಕ ನಕ್ಕಳು, ರೊಟ್ಟಿ ಹೊರಗಿನದು ಹೇಗಾಗುತ್ತದೆ, ಮನೆಯದಲ್ಲವೇ ಅಂದಳು. ಗಾಡಿ ಯಾವ ಕಡೆಯಿಂದ ಬರುತ್ತದೆ, ಕಿಟಕಿ ತೆಗೆಯಲು ಬರುತ್ತದೆಯೇ, ನಿಂತಾಗ ಇಳಿದರೆ ಬಿಟ್ಟು ಹೋಗುತ್ತದೆಯೇ ಅಂತ ಕೇಳುತ್ತ ಪ್ಲಾಟ್‌ಫಾರ್ಮಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದಳು.

ಗಾಡಿ ಬಂತು. ಮೈತುಂಬ ಬಣ್ಣ ಬಳಿದ ಡಬ್ಬಿಗಳು. ಬಾಗಿಲಿನಲ್ಲಿ ಕೆಂಪು ಕೋಟು ಹಾಕಿದ ಒಬ್ಬ ಹುಡುಗಿ, ಕೈಯಲ್ಲಿ ಟ್ಯಾಬ್. ಏಳು ಮಂದಿಯ ಹೆಸರು ಕೂಗಿ ಹತ್ತಿಸಿದಳು. ಎಂಟನೆಯದು ನನ್ನ ಹೆಸರು. ನಾನು ಅಕ್ಕನನ್ನು ಮುಂದೆ ಮಾಡಿ, ನನ್ನ ಬದಲು ನಮ್ಮ ಅಕ್ಕ ಬರುತ್ತಾಳೆ ಅಂತ ಹೇಳಿ ಅರ್ಜಿ, ರೇಷನ್ ಕಾರ್ಡು ಕೊಟ್ಟೆ. ಹುಡುಗಿ ಮಡಿಕೆ ಬಿಚ್ಚದೆ ಕಾಗದ ತಿರುಗಿ ಕೊಟ್ಟಳು. ಈ ನಿಯಮ ರೈಲ್ವೆಯದು, ಇದು ರೈಲ್ವೆಯ ಗಾಡಿ ಅಲ್ಲ ಅಂದಳು.

ಹಳಿ ರೈಲ್ವೆಯದು, ಎಂಜಿನ್ ರೈಲ್ವೆಯದು, ಓಡಿಸುವವನು ರೈಲ್ವೆಯವನು, ನಾವು ನಿಂತ ಕಲ್ಲು ರೈಲ್ವೆಯದು, ಮತ್ತೆ ಗಾಡಿ ಯಾರದು ಅಂತ ಕೇಳಿದೆ. ಕಂಪನಿಯದು ಅಂದಳು. ಅಲ್ಲೇ ಹಸಿರು ನಿಶಾನೆ ಹಿಡಿದು ನಿಂತಿದ್ದ ಸ್ಟೇಷನ್ನಿನವರನ್ನು ಕರೆದೆ. ಇಪ್ಪತ್ತು ವರ್ಷದ ಮುಖಪರಿಚಯ. ಅವರು ಕೈ ಮುಗಿದು, ಇದರಲ್ಲಿ ನಮ್ಮ ಕೈಯೇನೂ ಇಲ್ಲ ಬಾಯಾರ ಅಂದರು.

ಹಾಗಾದರೆ ಅಕ್ಕನಿಗೆ ಹೊಸ ಟಿಕೆಟ್ ಕೊಡು ಅಂದೆ. ಸೋತರೆ ಸೋತೆ ಅಂತ ಪರ್ಸು ತೆಗೆದೆ. ಹುಡುಗಿ ಟ್ಯಾಬಿನಲ್ಲಿ ಅಂದಿನ ದರ ತೋರಿಸಿದಳು. ನನ್ನ ಎರಡು ತಿಂಗಳ ಪಗಾರ. ಪರ್ಸಿನಲ್ಲಿ ಅದರ ಕಾಲು ಭಾಗವೂ ಇರಲಿಲ್ಲ.

"ನಾ ಬರಂಗಿಲ್ಲ, ನನ್ನ ಸೀಟು ಖಾಲಿನ ಹೋಗ್ತೈತಲ್ಲವಾ?" ಅಂತ ಕೊನೆಯದಾಗಿ ಕೇಳಿದೆ.

"ಖಾಲಿ ಹೋಗಲ್ಲ ಮೇಡಂ. ಮುಂದಿನ ಸ್ಟೇಷನ್ನಿನಲ್ಲಿ ಯಾರಾದರೂ ಕೇಳಿದರೆ ಅವರಿಗೆ ಕೊಡ್ತೀವಿ."

ಯಾರಿಗಾದರೂ! ಹಾದಿಯಲ್ಲಿ ಹೋಗುವ ಯಾರಿಗೆ ಬೇಕಾದರೂ ನನ್ನ ಸೀಟು ಸಿಗುತ್ತದೆ, ನನ್ನ ಒಡಹುಟ್ಟಿದವಳಿಗೆ ಮಾತ್ರ ಇಲ್ಲ. ನನ್ನಿಂದ ಒಮ್ಮೆ ದುಡ್ಡು, ಇನ್ನೊಬ್ಬರಿಂದ ಇನ್ನೊಮ್ಮೆ ದುಡ್ಡು. ಆ ಹುಡುಗಿಯ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಗುರ್ ಅನ್ನುವುದೂ ಇರಲಿಲ್ಲ. ಬಹಳ ನಯವಾಗಿ ಹೇಳಿದಳು. ನನಗೆ ನಮ್ಮ ಹಳೆಯ ಕೌಂಟರಿನ ಗುಮಾಸ್ತನೇ ದೇವರಂಥವನು ಅನಿಸಿದ.

ಸೀಟಿ ಆಯಿತು. ಅಕ್ಕ ನನ್ನ ಬೆನ್ನಿಗೆ ಕೈ ಹಚ್ಚಿ ಬಾಗಿಲ ಕಡೆಗೆ ನೂಕಿದಳು. ನೀನಾದರೂ ಹೋಗು, ನಾನು ಬಸ್ಸಿಗೆ ಮುಂಡರಗಿಗೆ ಹೊಳ್ಳಿ ಹೋಗುತ್ತೇನೆ ಅಂದಳು. ಕಿಟಕಿಯಿಂದ ಏಳು ಮುಖಗಳು ನಮ್ಮನ್ನೇ ನೋಡುತ್ತಿದ್ದವು. ಬಳೆ ಅಂಗಡಿಯವರು ಅಳುತ್ತಿದ್ದರು. ನಾನು ಹತ್ತಲಿಲ್ಲ. ಗಾಡಿ ಮೆಲ್ಲಗೆ ಕದಲಿತು, ಕೆಂಪು ಕೋಟಿನ ಹುಡುಗಿ ಬಾಗಿಲು ಹಾಕಿಕೊಂಡಳು. ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾಗುವವರೆಗೂ ಅಕ್ಕ ಬುತ್ತಿ ಗಂಟು ಎದೆಗೊತ್ತಿಕೊಂಡು ನೋಡಿದಳು. ಆಮೇಲೆ, ಮುಂಡರಗಿ ಬಸ್ಸು ಎಷ್ಟು ಹೊತ್ತಿಗೆ ಇದೆ ಅಂತ ಕೇಳಿದಳು.

ಆಗ ನನಗೆ ಬಂದದ್ದು ಹಟ. ಸಮುದ್ರ ಹಾಳಾಗಿ ಹೋಗಲಿ, ಇವತ್ತು ಇವಳನ್ನು ಯಾವುದಾದರೂ ರೈಲಿನಲ್ಲಿ ಕೂಡಿಸದೆ ಮನೆಗೆ ಹೋಗುವುದಿಲ್ಲ. ಅಕ್ಕನನ್ನು ಬೆಂಚಿನ ಮೇಲೆ ಕೂಡಿಸಿ ಸಾದಾ ಟಿಕೆಟಿನ ಕಿಂಡಿಗೆ ಹೋದೆ. ಹುಬ್ಬಳ್ಳಿಗೆ ಎರಡು ಅಂದೆ. ಹೆಸರು ಕೇಳಲಿಲ್ಲ, ವಯಸ್ಸು ಕೇಳಲಿಲ್ಲ. ಒಂದು ಸಣ್ಣ ಚೀಟಿ ಬಂತು. ಅರ್ಧ ತಾಸಿಗೆ ಪ್ಯಾಸೆಂಜರ್ ಗಾಡಿಯೂ ಬಂತು.

ಡಬ್ಬಿ ತುಂಬಿತ್ತು. ಅಕ್ಕ ಮೊದಲ ಸಲ ಹತ್ತುವವಳು ಅಂತ ಒಂದು ಮಾತು ಹೇಳಿದ್ದೇ ತಡ, ಕಿಟಕಿಯ ಹತ್ತಿರ ಕೂತಿದ್ದ ಅಜ್ಜ ಎದ್ದು ಸರಿದ. ಅಕ್ಕ ಎರಡೂ ಕೈಯಿಂದ ಕಿಟಕಿಯ ಸರಳು ಹಿಡಿದು ಕೂತಳು. ಗಾಡಿ ಬಿಟ್ಟಾಗ ಒಮ್ಮೆ ನನ್ನ ತೊಡೆ ಗಟ್ಟಿಯಾಗಿ ಹಿಡಿದಳು, ಆಮೇಲೆ ಬಿಟ್ಟಳು. ಹುಲಕೋಟಿ ದಾಟಿತು. ಎರೆ ಹೊಲದಲ್ಲಿ ಕಡಲೆ ಹಸಿರಾಗಿತ್ತು, ಹತ್ತಿ ಬಿಡಿಸುವ ಹೆಣ್ಣುಮಕ್ಕಳು ತಲೆಯೆತ್ತಿ ನೋಡಿದರು. ಅಕ್ಕ ಅವರಿಗೆ ಕೈ ಬೀಸಿದಳು. ಅವರು ತಿರುಗಿ ಬೀಸಿದಾಗ ಸಣ್ಣ ಹುಡುಗಿಯ ಹಾಗೆ ನಕ್ಕಳು. ಎಂಟು ಮಂದಿಯ ಬುತ್ತಿ ಬಿಚ್ಚಿ ಡಬ್ಬಿಯಲ್ಲಿದ್ದವರಿಗೆಲ್ಲ ರೊಟ್ಟಿ ಹಂಚಿದಳು. ನಾನು ಮಾತ್ರ ಇನ್ನೂ ಕಂಪನಿಯನ್ನು ಬೈಯುತ್ತಲೇ ಇದ್ದೆ. ಹಗಲುದರೋಡೆ ಅಂದೆ. ಬಡವರನ್ನು ರೈಲಿನಿಂದ ದೂರ ಇಡುವ ಹುನ್ನಾರ ಅಂದೆ. ಅಜ್ಜ ರೊಟ್ಟಿ ಮುರಿಯುತ್ತ ಹೌದು ಹೌದು ಅಂತ ಗೋಣು ಹಾಕುತ್ತಿದ್ದ.

ಅಣ್ಣಿಗೇರಿಯಲ್ಲಿ ಗಾಡಿ ನಿಂತಾಗ ಅಕ್ಕ ಟಿಕೆಟ್ ನೋಡಲು ಬೇಡಿದಳು. ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ದರ ಓದಿದಳು. ಇದು ಒಬ್ಬರದೋ ಇಬ್ಬರದೋ ಅಂತ ಕೇಳಿದಳು. ಇಬ್ಬರದೂ ಕೂಡಿ ಅಂದೆ. ಮತ್ತೊಮ್ಮೆ ಓದಿದಳು.

"ಬಸ್ಸಿನಕಿಂತಾ ಸಸ್ತಾ ಐತಲ್ಲ. ಮೊದಲಿಂದನೂ ಹಿಂಗ ಇತ್ತೇನ?"

ಮೊದಲಿನಿಂದಲೂ ಹೀಗೇ, ಮೊದಲು ಇದಕ್ಕಿಂತ ಕಡಿಮೆ ಇತ್ತು ಅಂದೆ.

ಅಕ್ಕ ಟಿಕೆಟನ್ನು ಜೋಪಾನವಾಗಿ ಮಡಿಚಿ ನನ್ನ ಕೈಗೆ ಕೊಟ್ಟಳು. "ನೀ ಯಾವಾಗ ನೋಡಿದ್ರೂ ತಿಂಗಳ ಮೊದಲ ಬುಕ್ ಮಾಡ್ಬೇಕು, ಬಡಿದಾಡಬೇಕು, ಸೀಟು ಸಿಗಂಗಿಲ್ಲ ಅಂತ ಹೇಳ್ತಿದ್ದಿ. ಅದಕ್ಕ ನಾ, ರೈಲು ನಮ್ಮಂಥಾರಿಗೆ ಅಲ್ಲಂತ ಕೇಳೂದ ಬಿಟ್ಟಿದ್ನಿ ತಂಗಿ."

ಬೈದು ಹೇಳಲಿಲ್ಲ. ಹೊರಗೆ ನೋಡುತ್ತ, ಸುಮ್ಮನೆ ಹೇಳಿದಳು. ಗದಗಿನಿಂದ ಹುಬ್ಬಳ್ಳಿಗೆ ದಿನಕ್ಕೆ ಎಷ್ಟು ಗಾಡಿ ಇವೆ, ಯಾವುದು ಎಷ್ಟು ಹೊತ್ತಿಗೆ ಬಿಡುತ್ತದೆ, ಯಾರಾದರೂ ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಅವಳು ವರ್ಷಕ್ಕೆ ನಾಲ್ಕು ಸಲ ನನ್ನ ಮನೆಗೆ ಬಂದು, ನನ್ನ ಬಡಾಯಿ ಕೇಳಿ, ಬಸ್ಸಿಗೆ ಹೋಗುತ್ತಿದ್ದಳು. ಕಂಪನಿಯ ಮೇಲೆ ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಹುಬ್ಬಳ್ಳಿ ಬರುವವರೆಗೂ ನಾನು ಅಕ್ಕನ ಮುಖ ನೋಡಲಿಲ್ಲ.