ಬೇಲಿ ಸಾಲಿನಲ್ಲಿ ಅತ್ತೆಯ ರಾಗಿ

ನಮ್ಮ ಬಡಾವಣೆಯ ಅಂಗಳದ ನಿಯಮಗಳನ್ನು ಬರೆದವಳು ನಾನೇ. ಅವುಗಳ ಮೇಲೆ ಮೊದಲ ಜಗಳ ಎದ್ದದ್ದು ನಮ್ಮ ಮನೆ ಮುಂದೇನೇ ಅನ್ನೋದನ್ನ ನೆನೆಸಿಕೊಂಡರೆ ಈಗಲೂ ನಗು ಬರುತ್ತೆ.

ಹಾರೋಹಳ್ಳಿ ಕಡೆ ಒಂದಾದಮೇಲೊಂದು ಫ್ಯಾಕ್ಟರಿ ಎದ್ದ ಕಾಲ ಅದು. ನನ್ನ ಗಂಡನ ಮನೆಯವರ ಹೊಲ ಕೈಗಾರಿಕಾ ಪ್ರದೇಶಕ್ಕೆ ಸೇರಿಹೋಗಿ, ನಾವು ಕನಕಪುರ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡಿದ್ದೆವು. ನಾನು ರಾಮನಗರದ ಪೇಟೆಯಲ್ಲಿ ಬೆಳೆದವಳು, ಸ್ಕೂಲಿನಲ್ಲಿ ಟೀಚರು, ಮದುವೆಯಾದ ಮೇಲೂ ಹೊಲದ ಕಡೆ ಕಾಲಿಟ್ಟವಳಲ್ಲ. ಅಕ್ಷರ ದುಂಡಗಿದೆ ಅಂತ ನನ್ನನ್ನು ನಿವಾಸಿಗಳ ಸಂಘದ ಕಾರ್ಯದರ್ಶಿ ಮಾಡಿದರು. ನಾನೂ ಹಿಗ್ಗಿ ಹೀರೇಕಾಯಾಗಿ ಪುಸ್ತಕದ ತುಂಬ ನಿಯಮ ಬರೆದೆ. ಮನೆ ಮುಂದೆ ಹಸಿರು ಹುಲ್ಲುಹಾಸು ಇರಬೇಕು, ಹುಲ್ಲು ಗೇಣುದ್ದ ಮೀರಬಾರದು. ಬೇಲಿ ಗಿಡ ಮೂರಡಿ ದಾಟಬಾರದು. ದನ, ತಿಪ್ಪೆ, ಹುಲ್ಲುಮೆದೆ ಕೂಡದು. ಮೀರಿದರೆ ಸಂಘವೇ ಆಳು ಕರೆಸಿ ಕಡಿಸುತ್ತದೆ.

ಇದನ್ನೆಲ್ಲ ನಮ್ಮತ್ತೆ ನನ್ನಿಂದ ಮೂರು ಸಲ ಓದಿಸಿಕೊಂಡರು. ಹೆಬ್ಬೆಟ್ಟು ಒತ್ತೋ ಹೆಂಗಸು, ತಲೆ ಮಾತ್ರ ಲಾಯರದು. ಅವರ ಹತ್ತಿರ ಒಂದು ಮಣ್ಣಿನ ಗುಡಾಣದ ತಳದಲ್ಲಿ ಬೂದಿ ಬೆರೆಸಿಟ್ಟ ಎರಡು ಹಿಡಿ ಬಿತ್ತನೆ ರಾಗಿ ಇತ್ತು. ಹೋದ ಹೊಲದ ಕೊನೇ ಬೆಳೆ, ಅವರತ್ತೆಯ ಕೈಯಿಂದ ಬಂದ ತಳಿ. ಎರಡು ವರ್ಷದಿಂದ ಮಣ್ಣು ಕಂಡಿರಲಿಲ್ಲ. ಈ ಮುಂಗಾರಿಗೂ ಬಿತ್ತದಿದ್ದರೆ ಮೊಳಕೆಯನ್ನ ನೆಚ್ಚೋ ಹಾಗಿಲ್ಲ ಅನ್ನೋದು ಅವರ ಚಿಂತೆ. ನೆಂಟರ ಹೊಲಗಳೂ ಹೋಗಿದ್ದವು, ಉಳಿದವರು ಅಂಗಡಿ ಬೀಜಕ್ಕೆ ತಿರುಗಿದ್ದರು.

ಮಳೆ ಬಿದ್ದ ವಾರಕ್ಕೆ ನಮ್ಮ ಮನೆ ಮುಂದೆ ಒತ್ತಾಗಿ ಹಸಿರು ಎದ್ದಿತು. ಅತ್ತೆಯೇ ಮುಂದೆ ನಿಂತು ಹುಲ್ಲುಹಾಸು ಬೆಳೆಸಿದ್ದಾರೆ ಅಂತ ನನಗೆ ಎಲ್ಲಿಲ್ಲದ ಖುಷಿ. ಸಂಘದ ಅಧ್ಯಕ್ಷರು, ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದವರು, ತಪಾಸಣೆಗೆ ಬಂದವರು ಇದನ್ನು ನೋಡಿ ಕಲಿಯಿರಿ ಅಂತ ಉಳಿದವರಿಗೆ ತೋರಿಸಿದರು. ದಿನಕ್ಕೆರಡು ಹೊತ್ತು ಮುದ್ದೆ ನುಂಗೋರು, ಅಲ್ಲಿ ನಿಂತಿದ್ದ ನಮ್ಮಲ್ಲಿ ಒಬ್ಬರಿಗೂ ರಾಗಿ ಪೈರಿನ ಗುರುತು ಸಿಗಲಿಲ್ಲ; ಗುರುತಿದ್ದ ನನ್ನ ಗಂಡ ಅವ್ವನ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಥೂ, ನಮ್ಮ ಓದಿಗೆ ಬೆಂಕಿ ಹಾಕ!

ಇಪ್ಪತ್ತೈದು ದಿನ ಆಗಿರಬೇಕು. ಸ್ಕೂಲಿಂದ ಬಂದು ನೋಡ್ತೀನಿ, ಹುಲ್ಲುಹಾಸೆಲ್ಲ ಬೋಳು. ಅತ್ತೆ ಸೀರೆ ಎತ್ತಿಕಟ್ಟಿಕೊಂಡು ಕೆಸರಿನಲ್ಲಿ ನಿಂತು, ಕಿತ್ತ ಪೈರನ್ನು ಕಾಂಪೌಂಡಿನ ಉದ್ದಕ್ಕೂ ಸಾಲಾಗಿ ನೆಡುತ್ತಿದ್ದಾರೆ. ನಾನು ಕೂಗಾಡಿದೆ. ಅವರು ತಲೆ ಎತ್ತದೆ, ಇಷ್ಟು ದಿನ ಇದ್ದದ್ದು ಒಟ್ಲು, ಸಸಿ ಎಬ್ಬಿಸೋ ಮಡಿ, ಈಗ ಮಾಡ್ತಿರೋದು ನಾಟಿ, ಬೋಳಾದ ಕಡೆ ನಾಳೆ ಗರಿಕೆ ಊರಿದರಾಯ್ತು ಅಂತ ಮಕ್ಕಳಿಗೆ ಹೇಳೋ ಹಾಗೆ ಹೇಳಿದರು.

“ಬೇಲಿ ಮೂರಡಿ ಅಂತ ನೀನೇ ಬರ್ದಿದ್ದೀಯಲ್ಲವ್ವ. ನಮ್ ರಾಗಿ ಅದುಕ್ಕಿಂತ ಮ್ಯಾಕೆ ಏಳಾಕಿಲ್ಲ.”

ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಒಳಗೊಳಗೇ ಮಾತ್ರ, ಎಲಾ ಇವರ ಬುದ್ಧಿಯೇ ಅಂತ ಬೆರಗಾಗಿದ್ದೆ. ನಾನು ಬರೆದ ನಿಯಮವನ್ನು ನನಗಿಂತ ಚೆನ್ನಾಗಿ ಅವರು ಅರ್ಥ ಮಾಡಿಕೊಂಡಿದ್ದರು.

ತೆನೆ ಹೊರಟ ಮೇಲೆ ಗುಟ್ಟು ನಿಲ್ಲಲಿಲ್ಲ. ಬೆಳೆ ಬೇಲಿಯಲ್ಲ, ಭಾನುವಾರದೊಳಗೆ ಕಡಿಸಬೇಕು ಅಂತ ಅಧ್ಯಕ್ಷರು ತೀರ್ಮಾನಿಸಿದರು. ನೋಟಿಸ್ ಬರೆಯಬೇಕಾದವಳೂ ನಾನೇ. ಬರೆದು ತಂದು ಅತ್ತೆಗೆ ಓದಿ ಹೇಳಿದೆ. ಅವರು ನನ್ನನ್ನು ಬೇಲಿ ಹತ್ತಿರ ಕರೆದುಕೊಂಡು ಹೋದರು. ಒಂದು ಕಾಳನ್ನು ಉಗುರಲ್ಲಿ ಹಿಸುಕಿ ತೋರಿಸಿದರು. ಬೆಳ್ಳಗೆ ಹಾಲು ಬಂತು.

“ಈಗ ಕುಯ್ದ್ರೆ ಬೀಜ ಆಗಾಕಿಲ್ಲ ಕಣವ್ವ. ಗುಡಾಣದಾಗೆ ಒಂದು ಕಾಳೂ ಇಲ್ಲ, ಎಲ್ಲಾ ಒಟ್ಲಿಗೇ ಚೆಲ್ಬುಟ್ಟಿದ್ದೀನಿ.”

ಭಾನುವಾರ ಅಧ್ಯಕ್ಷರು ಕುಡುಗೋಲಿನ ಆಳಿನೊಂದಿಗೆ ಬಂದಾಗ ಗೇಟಿಗೆ ಅಡ್ಡ ನಿಂತು ನಿಯಮದ ಪುಸ್ತಕ ತೆರೆದು ಗಟ್ಟಿಯಾಗಿ ಓದಿದೆ. ಬೇಲಿ ಮೂರಡಿ ದಾಟಬಾರದು ಅಂತಿದೆ, ಯಾವ ಗಿಡ ಅಂತ ಎಲ್ಲಿದೆ ತೋರಿಸಿ ಅಂದೆ. ಟೇಪು ಹಿಡಿದರು. ಮೂರಡಿಗೆ ಎರಡು ಬೆರಳು ಕಮ್ಮಿ. ಬೇಕಾದರೆ ಮುಂದಿನ ಸಭೆಯಲ್ಲಿ ನಿಯಮ ತಿದ್ದಿ, ಅಲ್ಲೀವರೆಗೆ ಒಂದು ತೆನೆಯನ್ನೂ ಮುಟ್ಟೋ ಹಾಗಿಲ್ಲ ಅಂತ ಖಡಾಖಂಡಿತವಾಗಿ ಹೇಳಿದೆ. ಸಭೆಗೆ ಇನ್ನೂ ಒಂದೂವರೆ ತಿಂಗಳಿತ್ತು. ಅವರು ಗೊಣಗುತ್ತಾ ಟೇಪು ಸುತ್ತಿಕೊಂಡು ಹೋದರು.

ತಿಂಗಳಾದ ಮೇಲೆ ಅತ್ತೆ ತಾವೇ ಕುಯ್ದು, ಒಣಗಿಸಿ, ಕೋಲಲ್ಲಿ ಬಡಿದು ತೂರಿದರು. ಒಂದು ಮೊರದ ತುಂಬ ರಾಗಿಯಾಯಿತು. ಮೊರ ಹಿಡಿದು ನನ್ನ ಕರೆದು ಸೆರಗೊಡ್ಡು ಅಂದರು. ತವರಿಗೆ ಬಂದು ಹೊರಟ ಮಗಳಿಗೆ ತಾಯಿ ಮಡಿಲು ತುಂಬೋ ಹಾಗೆ ಅಷ್ಟನ್ನೂ ನನ್ನ ಸೆರಗಿಗೆ ಸುರಿದರು. ಆ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷ ಆಗಿತ್ತು.

“ಹೊಲ ಇದ್ದಿದ್ರೆ ಅದ್ನೇ ಕೊಡ್ತಿದ್ದೆ. ಬರೋ ವರ್ಸ ಇದ್ನ ನೀನೇ ಚೆಲ್ಲು” ಅಂದರು.

ಚೆಲ್ಲೋದು ಹೇಗೆ ಅಂತಾನೂ ನನಗೆ ಗೊತ್ತಿರಲಿಲ್ಲ. ಸೆರಗು ಬಿಗಿಯಾಗಿ ಹಿಡಿದುಕೊಂಡು ಅಲ್ಲೇ ನಿಂತು ಅತ್ತುಬಿಟ್ಟೆ.